ಅಂತಿಮ ದರ್ಶನ ಹನ್ನೊಂದು ಗಂಟೆಗೆ

ಗೆಳೆಯರ ಗುಂಪಿನಲ್ಲಿ ಯಾವ ಸುದ್ದಿ ಬಂದರೂ ಅದು ಚಲಪತಿಯ ಕೈಗೆ ಸಿಗುವಷ್ಟರಲ್ಲಿ ಹಳಸಿದ ಅನ್ನವಾಗಿರುತ್ತಿತ್ತು. ತಪ್ಪು ಅವನದಲ್ಲ. ಬಾಶೆಟ್ಟಿಹಳ್ಳಿಯ ಒಂದು ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ ಅವನಿಗೆ ಕೆಲಸ. ಬೆಳಿಗ್ಗೆ ಆರಕ್ಕೆ ಗೇಟಿನಲ್ಲಿ ಫೋನು ಒಪ್ಪಿಸಿ ಒಳಗೆ ಹೋದರೆ ಅದು ಮರಳಿ ಸಿಗುವುದು ಮಧ್ಯಾಹ್ನ ಎರಡಕ್ಕೆ. ಅಷ್ಟರೊಳಗೆ ವಾಟ್ಸಾಪಿನ ‘ಹತ್ತನೇ ಬಿ ಗೆಳೆಯರು’ ಗುಂಪಿನಲ್ಲಿ ಮೂವತ್ತೇಳು ಜನ ಸೇರಿ ಒಂದು ಸಂತೆಯನ್ನೇ ಮುಗಿಸಿರುತ್ತಿದ್ದರು. ಗುಲಾಬಿ ಹೂವಿನ ಶುಭೋದಯ, ಕರೆಂಟು ಹೋದ ಸುದ್ದಿ, ಟೊಮ್ಯಾಟೊ ದರ, ಯಾರದೋ ಹಸು ಅವಳಿ ಕರು ಹಾಕಿದ ವಿಡಿಯೊ, ಎರಡನೇ ಕರು ಪಕ್ಕದ ಮನೆಯದು ಎಂದು ಒಂದು ಜಗಳ, ಜಗಳವಾಡಿದವರ ನಡುವೆ ಇನ್ಯಾರದೋ ದಾಸವಾಳದ ಶುಭೋದಯ. ಎಲ್ಲ ಮುಗಿದ ಮೇಲೆ ಚಲಪತಿ ಬಂದು ‘ಅಯ್ಯೋ ಹೌದಾ’ ಎಂದು ಬರೆಯುತ್ತಿದ್ದ.

ಹೋದ ವಾರವಂತೂ ದೊಡ್ಡಮುನಿಯಪ್ಪನ ತಮ್ಮನ ನಿಶ್ಚಿತಾರ್ಥ ಮುರಿದುಬಿದ್ದ ಎರಡು ದಿನಕ್ಕೆ ‘ಶುಭಾಶಯಗಳು, ಊಟಕ್ಕೆ ಕರೆಯೋದು ಮರೀಬೇಡ’ ಎಂದು ಬರೆದು ಉಗಿಸಿಕೊಂಡಿದ್ದ. ಅಂದೇ ಫ್ಲೆಕ್ಸ್ ಅಂಗಡಿಯ ನವೀನ್‌ಕುಮಾರ್ ಅವನಿಗೆ ‘ಹಳೇ ಪೇಪರ್’ ಎಂದು ಹೆಸರಿಟ್ಟ. ಹೆಸರು ಅಂಟಿಕೊಂಡಿತು. ಹೆಂಡತಿ ಮಮತಳೂ ಒಂದು ದಿನ ನಗುತ್ತಾ ಹಾಗೆ ಕರೆದಾಗ ಚಲಪತಿಗೆ ರೋಷ ಬಂತು. ಒಂದೇ ಒಂದು ಸಲ, ಯಾವುದಾದರೂ ಒಂದು ಸುದ್ದಿ, ತಾನೇ ಮೊದಲು ಹೇಳಬೇಕು ಎಂದುಕೊಂಡ.

ಆ ಬುಧವಾರ ಬೆಳಗಿನ ಐದೂವರೆಗೆ ಅವನು ಕಾರ್ಖಾನೆಯ ಬಸ್ಸಿನಲ್ಲಿ ಒಂದು ಕೈಯಲ್ಲಿ ಕಂಬಿ, ಒಂದು ಕೈಯಲ್ಲಿ ಫೋನು ಹಿಡಿದು ನೇತಾಡುತ್ತಿದ್ದಾಗ ತೆರೆಯ ಮೇಲ್ಭಾಗದಲ್ಲಿ ಒಂದು ಸಾಲು ಮೂಡಿತು. ಬರೆದವನು ಮನೋಹರ್, ಅವರ ಹೈಸ್ಕೂಲಿನ ಕನ್ನಡ ಮೇಷ್ಟ್ರ ಮನೆಯ ಪಕ್ಕದಲ್ಲೇ ಇರುವವನು, ಗುಂಪಿನ ಅಡ್ಮಿನ್. ಸಂದೇಶ ಗುಂಪಿಗಲ್ಲ, ಚಲಪತಿಗೆಂದೇ ಬಂದಿತ್ತು. ‘ನಮ್ಮ ವೆಂಕಟರಾಯಪ್ಪ ಮೇಷ್ಟ್ರು ಇನ್ನಿಲ್ಲ…’

ಚಲಪತಿಗೆ ಆ ಮುಖ ಕಣ್ಣೆದುರು ಬಂತು. ಎಂಟನೇ ಕ್ಲಾಸಿನಲ್ಲಿ ಶಾಲೆ ಬಿಟ್ಟು ರೇಷ್ಮೆ ಹುಳುವಿಗೆ ಸೊಪ್ಪು ಹಾಕಿಕೊಂಡು ಕೂತಿದ್ದ ತನ್ನನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಮತ್ತೆ ಶಾಲೆಗೆ ಎಳೆದು ತಂದ ಮನುಷ್ಯ. ಕಣ್ಣು ನಿಜವಾಗಿಯೂ ತುಂಬಿತು. ತುಂಬಿದ ಕಣ್ಣಲ್ಲೇ ಇನ್ನೊಂದು ವಿಚಾರವೂ ಹೊಳೆಯಿತು. ಮನೋಹರ ಇದನ್ನು ಗುಂಪಿಗೆ ಹಾಕಲು ಇನ್ನೆಷ್ಟು ಹೊತ್ತು? ಉಳಿದದ್ದನ್ನು ಆಮೇಲೆ ಓದಿದರಾಯಿತು ಎಂದು ಅವನು ನೇರವಾಗಿ ಗುಂಪಿಗೆ ಹೋಗಿ ಹೆಬ್ಬೆರಳಲ್ಲಿ ಬರೆದ: ‘ನಮ್ಮೆಲ್ಲರ ನೆಚ್ಚಿನ ಕನ್ನಡ ಮೇಷ್ಟ್ರು ವೆಂಕಟರಾಯಪ್ಪನವರು ಇಂದು ಬೆಳಗಿನ ಜಾವ ನಮ್ಮನ್ನಗಲಿದ್ದಾರೆ.’

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಇಂಥ ಸುದ್ದಿಯ ಕೆಳಗೆ ಇನ್ನೊಂದು ಸಾಲು ಇರಲೇಬೇಕು, ಇಲ್ಲದಿದ್ದರೆ ಉಪ್ಪಿಲ್ಲದ ಸಾರಿನ ಹಾಗೆ. ‘ಅಂತಿಮ ದರ್ಶನ ಸ್ವಗೃಹದಲ್ಲಿ ಹನ್ನೊಂದು ಗಂಟೆಗೆ. ಓಂ ಶಾಂತಿ’ ಎಂದು ಸೇರಿಸಿದ. ಹನ್ನೊಂದು ಎಂದು ಅವನಿಗೆ ಹೇಳಿದವರು ಯಾರೂ ಇಲ್ಲ. ಸಾಮಾನ್ಯವಾಗಿ ಹನ್ನೊಂದಕ್ಕೇ ಇರುತ್ತದೆ.

ಬಸ್ಸು ಗೇಟಿಗೆ ಬಂತು. ಫೋನು ಪೆಟ್ಟಿಗೆ ಸೇರಿತು. ಚಲಪತಿ ದುಃಖದಿಂದಲೂ, ಒಳಗೊಳಗೇ ಒಂದು ತೃಪ್ತಿಯಿಂದಲೂ ಪೆಟ್ಟಿಗೆಗಳಿಗೆ ಟೇಪು ಅಂಟಿಸಲು ನಿಂತ.

ಒಂಬತ್ತೂವರೆಗೆ ಕಾವಲಿನವನು ಒಳಗೆ ಬಂದ. “ಚಲಪತಣ್ಣ, ನಿಮ್ಮೋರು ಗೇಟ್ ತಾವ ಬಂದವ್ರೆ. ಲಗೇಜ್ ಆಟೋ ತುಂಬ ಹೂವು ತಂದವ್ರೆ. ಒಬ್ರು ಅಳ್ತಾವ್ರೆ.”

ಸೂಪರ್‌ವೈಸರ್ ಅರ್ಧ ದಿನದ ರಜೆಗೆ ತಕ್ಷಣ ಸಹಿ ಹಾಕಿದ. “ಏನಾಗಿತ್ತು ಮೇಷ್ಟ್ರಿಗೆ?” ಎಂದು ಕೇಳಿದ.

“ನಿದ್ದೇಲೇ ಹೋದ್ರು ಸಾರ್. ಪುಣ್ಯವಂತರು,” ಅಂದುಬಿಟ್ಟ ಚಲಪತಿ. ಹೇಳಿದ ಮೇಲೆ ಅದು ಅವನಿಗೇ ನಿಜವೆನಿಸಿತು.

ಗೇಟಿನಾಚೆ ಪಿಳ್ಳಪ್ಪನ ಲಗೇಜ್ ಆಟೋ ನಿಂತಿತ್ತು. ತರಕಾರಿ ಸಾಗಿಸುವ ಆಟೋವನ್ನು ಅವನು ಆ ದಿನದ ಬಾಡಿಗೆ ಬಿಟ್ಟು ತೊಳೆದುಕೊಂಡು ತಂದಿದ್ದ. ಪಕ್ಕದಲ್ಲಿ ನವೀನ್‌ಕುಮಾರ್, ಕಣ್ಣು ಕೆಂಪಗೆ. ಅವನು ಚಲಪತಿಯ ಹೆಗಲು ಹಿಡಿದುಕೊಂಡ. “ನಿನ್ನನ್ನ ಹಳೇ ಪೇಪರ್ ಅಂತಿದ್ದೆ ಗುರು. ಕ್ಷಮಿಸ್ಬಿಡು. ಇವತ್ತು ನೀನಿಲ್ದಿದ್ರೆ ಮೇಷ್ಟ್ರ ಮುಖ ಕಡೇದಾಗಿ ನೋಡೋಕೂ ಆಗ್ತಿರ್ಲಿಲ್ಲ.”

ಇಂಥ ಒಂದು ಮಾತಿಗಾಗಿ ಚಲಪತಿ ಗುಂಪು ಸೇರಿದ ದಿನದಿಂದ ಕಾದಿದ್ದ. “ಇರ್ಲಿ ಬಿಡೋ,” ಎಂದು ದೊಡ್ಡ ಮನಸ್ಸು ಮಾಡಿದ.

ಮುಂದೆ ಇಬ್ಬರಿಗೇ ಜಾಗ. ಚಲಪತಿ ಹಿಂದೆ ಹತ್ತಿ ಕೂತ, ಕಾಲ ಬಳಿ ಸೇವಂತಿಗೆಯ ದಪ್ಪ ಹಾರ, ತೊಡೆಯ ಮೇಲೆ ಸುತ್ತಿಟ್ಟ ಫ್ಲೆಕ್ಸು. ಒಂದು ಅಂಚು ಬಿಡಿಸಿ ನೋಡಿದರೆ ನಿವೃತ್ತಿಯ ದಿನದ ಶಾಲು ಹೊದ್ದ ಮೇಷ್ಟ್ರು, ಕೆಳಗೆ ‘ಮತ್ತೆ ಹುಟ್ಟಿ ಬನ್ನಿ ಗುರುಗಳೇ. ಭಾವಪೂರ್ಣ ಶೃದ್ದಾಂಜಲಿ. ಕೋರುವವರು: ಹತ್ತನೇ ಬಿ ಗೆಳೆಯರು.’ ಆಟೋ ದೊಡ್ಡಬಳ್ಳಾಪುರ ದಾಟಿ ಮಾಕಳಿದುರ್ಗದ ದಾರಿ ಹಿಡಿಯಿತು. ಮೇಷ್ಟ್ರ ಊರು, ತುದಿಯಲ್ಲಿ ಶಿವನ ಗುಡಿಯಿರುವ ಆ ಬೆಟ್ಟಕ್ಕೆ ಹೋಗುವ ದಾರಿಯಲ್ಲೇ.

ಈಗ ಅವನಿಗೆ ಫೋನು ನೋಡಲು ಬಿಡುವು ಸಿಕ್ಕಿತು. ಗುಂಪಿನಲ್ಲಿ ನೂರಾ ನಲವತ್ತಮೂರು ಸಂದೇಶ. ಒಬ್ಬನಿಗೆ ಮೇಷ್ಟ್ರು ಮಧ್ಯಾಹ್ನ ತಮ್ಮ ಬುತ್ತಿಯಲ್ಲಿ ಅರ್ಧ ಕೊಡುತ್ತಿದ್ದರಂತೆ. ಇನ್ನೊಬ್ಬಳು ಅವರು ಕೊಡಿಸಿದ ಚಪ್ಪಲಿಯ ಬಣ್ಣವನ್ನು ಇನ್ನೂ ಮರೆತಿರಲಿಲ್ಲ. ಓದುತ್ತಾ ಓದುತ್ತಾ ಚಲಪತಿ ಮೂಗು ಒರೆಸಿಕೊಂಡ. ಕಡೆಗೆ, ಮನೋಹರನಿಗೆ ಒಂದು ಸಮಾಧಾನದ ಮಾತು ಬರೆಯೋಣವೆಂದು ಬೆಳಗಿನ ಅವನ ಸಂದೇಶವನ್ನು ಒತ್ತಿದ. ಅದು ಪೂರ್ತಿ ತೆರೆದುಕೊಂಡಿತು.

‘ನಮ್ಮ ವೆಂಕಟರಾಯಪ್ಪ ಮೇಷ್ಟ್ರು ಇನ್ನಿಲ್ಲದ ಹುರುಪಿನಲ್ಲಿ ಬೆಟ್ಟದ ಬುಡದಲ್ಲಿ ನಿಂತವ್ರೆ ಕಣೋ. ಇಬ್ರೂ ಮಾಕಳಿದುರ್ಗ ಹತ್ತುತಾ ಇದೀವಿ. ಎಪ್ಪತ್ತೆರಡು ವಯಸ್ಸು ಅಂತ ಯಾರೂ ಅನ್ನಲ್ಲ. ನೀನೂ ಬರ್ಬೇಕಿತ್ತು.’

ಚಲಪತಿ ಮೂರು ಸಲ ಓದಿದ. ಮನೋಹರನಿಗೆ ಫೋನು ಮಾಡಿದ. ಬೆಟ್ಟದ ಮೇಲೆ ಸಿಗ್ನಲ್ ಇಲ್ಲ. ಮೇಷ್ಟ್ರ ನಂಬರು ಅವನ ಬಳಿ ಇರಲಿಲ್ಲ. ಮುಂದೆ ಕೂತವರಿಗೆ ಕೇಳಿಸಲೆಂದು ಕಬ್ಬಿಣದ ತಡಿಕೆಯನ್ನು ದಬದಬ ಬಡಿದ.

“ಅಳ್ಬೇಡ ಕಣ್ಲಾ,” ಎಂದು ಪಿಳ್ಳಪ್ಪ ಕೂಗಿದ, ಆಟೋ ನಿಲ್ಲಿಸದೆ. “ಎಲ್ರೂ ಒಂದಿನ ಹೋಗೋರೇಯ.”

ಗುಂಪಿಗೆ ಬರೆಯುವುದೊಂದೇ ದಾರಿ. ‘ಮೇಷ್ಟ್ರು ಬದುಕಿದ್ದಾರೆ’ ಎಂದು ಬರೆದ. ಒಡನೆಯೇ ಉತ್ತರ ಬಂತು: ‘ಹೌದು ಗೆಳೆಯ, ನಮ್ಮೆಲ್ಲರ ಮನಸ್ಸಿನಲ್ಲಿ.’ ಕೆಳಗೆ ಹನ್ನೆರಡು ಜೋಡಿ ಮುಗಿದ ಕೈ. ಚಲಪತಿ ಬೆವರುತ್ತಾ ‘ಹಂಗಲ್ಲ, ನಿಜವಾಗ್ಲೂ ಬದುಕವ್ರೆ’ ಎಂದು ಬರೆದ. ‘ನಿಜ. ಇಂಥೋರಿಗೆ ಸಾವಿಲ್ಲ’ ಎಂದಳು ಚಪ್ಪಲಿಯ ಹುಡುಗಿ. ದೊಡ್ಡಮುನಿಯಪ್ಪನಂತೂ, ‘ಚಲಪತಿ ಇಷ್ಟು ಚೆನ್ನಾಗಿ ಬರೀತಾನೆ ಅಂತ ಗೊತ್ತಿರಲಿಲ್ಲ. ನಾವು ನಾಲ್ಕು ಜನ ಬೈಕಲ್ಲಿ ಆಗಲೇ ಹೊರಟಿದ್ದೀವಿ’ ಎಂದು ಬರೆದ.

ರೈಲ್ವೆ ಗೇಟು ಹಾಕಿತ್ತು. ಆಟೋ ನಿಂತದ್ದೇ ಚಲಪತಿ ಜಿಗಿದು ಮುಂದಕ್ಕೆ ಓಡಿ ಹೇಳಿದ. “ಲೇ, ಮೇಷ್ಟ್ರು ಸತ್ತಿಲ್ಲ ಕಣ್ರೋ.”

ನವೀನ್‌ಕುಮಾರ್ ಅವನನ್ನು ಕನಿಕರದಿಂದ ನೋಡಿದ. “ಮೊದ್ಲು ಹಂಗೇ ಅನ್ಸೋದು. ನಮ್ಮಪ್ಪ ಹೋದಾಗ ನಂಗೂ ಮೂರು ದಿನ ಹಂಗೇ ಅನ್ಸಿತ್ತು.”

“ಅನ್ಸೋದಲ್ಲ ಕಣೋ. ಓದು.” ಚಲಪತಿ ಫೋನನ್ನು ಅವನ ಮೂಗಿಗೇ ಹಿಡಿದ.

ನವೀನ್‌ಕುಮಾರ್ ಓದಿದ. ಪಿಳ್ಳಪ್ಪನಿಗೆ ಕೊಟ್ಟ. ಪಿಳ್ಳಪ್ಪ ತುಟಿ ಅಲ್ಲಾಡಿಸುತ್ತಾ ಓದಿದ. ರೈಲು ಬಂತು, ಅಷ್ಟು ಉದ್ದಕ್ಕೂ ಹೋಯಿತು.

“ಹಂಗಾದ್ರೆ ಹನ್ನೊಂದು ಗಂಟೆ ಅಂತ ನಿಂಗ್ಯಾರ್ಲಾ ಹೇಳಿದ್ದು?” ಎಂದ ಪಿಳ್ಳಪ್ಪ.

ಚಲಪತಿ ನೆಲ ನೋಡಿದ. ನವೀನ್‌ಕುಮಾರ್‌ಗೆ ಬೇರೆಯದೇ ಹೊಳೆಯಿತು. “ಮೇಷ್ಟ್ರು ಬೆಟ್ಟದ ಮೇಲವ್ರೆ. ಮನೇಲಿ ಅವ್ರ ಹೆಂಡ್ತಿ ಒಬ್ರೇ. ಹೋದ ವರ್ಷ ಅವ್ರಿಗೆ ಎದೆನೋವು ಬಂದಿತ್ತು. ಆ ದೊಡ್ಡಮುನಿಯಪ್ಪ ಹೋಗಿ ಬಾಗಿಲಲ್ಲಿ ಬಾಯಿ ಬಡ್ಕೊಂಡ್ರೆ ಏನ್ ಗತಿ?”

ಗೇಟು ತೆರೆಯಿತು. ಪಿಳ್ಳಪ್ಪ ಆಟೋವನ್ನು ತನ್ನ ಜನ್ಮದಲ್ಲಿ ಹಾಗೆ ಓಡಿಸಿರಲಿಲ್ಲ. ಹಿಂದೆ ಚಲಪತಿ ಹಾರದ ಮೇಲೆ ಒಮ್ಮೆ, ಫ್ಲೆಕ್ಸಿನ ಮೇಲೆ ಒಮ್ಮೆ ಬೀಳುತ್ತಾ, ದೊಡ್ಡಮುನಿಯಪ್ಪನಿಗೆ ಫೋನು ಮಾಡುತ್ತಲೇ ಇದ್ದ. ಬೈಕಿನಲ್ಲಿದ್ದವನು ಎತ್ತಲಿಲ್ಲ. ಆ ತಾಯಿಗೆ ಏನಾದರೂ ಆದರೆ ಎಂದು ನೆನೆದು ಚಲಪತಿ ಮತ್ತೆ ಮತ್ತೆ ಅದೇ ನಂಬರು ಒತ್ತಿದ.

ಮನೆಯ ಮುಂದೆ ಎರಡು ಬೈಕು ನಿಂತಿದ್ದವು. ಚಲಪತಿ ಓಡಿ ಹೋದ. ಜಗಲಿಯ ಮೇಲೆ ದೊಡ್ಡಮುನಿಯಪ್ಪ ಮತ್ತೆ ಮೂವರು ತಲೆ ತಗ್ಗಿಸಿ ಕೂತಿದ್ದರು, ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಲೋಟ ಮಜ್ಜಿಗೆ. ಎದುರಿಗೆ ಮೇಷ್ಟ್ರ ಹೆಂಡತಿ ಲಕ್ಷ್ಮೀದೇವಮ್ಮ ಮೊರದಲ್ಲಿ ಅವರೆಕಾಯಿ ಸುಲಿಯುತ್ತಾ ನೆಮ್ಮದಿಯಾಗಿ ಮಾತಾಡುತ್ತಿದ್ದರು. ಅವರಿಗೆ ಕಿವಿ ಸ್ವಲ್ಪ ಮಂದ.

“ನಾಕೂವರೆಗೇ ಹೋಗ್ಬಿಟ್ರು ಕಣಪ್ಪಾ,” ಅನ್ನುತ್ತಿದ್ದರು. “ಈ ವಯಸ್ಸಲ್ಲಿ ಬೇಡ ಅಂದೆ. ನನ್ ಮಾತು ಯಾವತ್ತು ಕೇಳವ್ರೆ. ಮೇಲೆ ಹೋಗ್ಬೇಕು, ಶಿವನ್ನ ನೋಡ್ಬೇಕು ಅಂತ ಒಂದು ತಿಂಗಳಿಂದ ಒಂದೇ ಹಟ.”

ದೊಡ್ಡಮುನಿಯಪ್ಪ ಕಣ್ಣೊತ್ತಿಕೊಂಡ. ಎಂಥ ಗಟ್ಟಿ ಜೀವ ಎನ್ನುವಂತೆ ಪಕ್ಕದವನನ್ನು ನೋಡಿದ. ಆಮೇಲೆ ಮೆಲ್ಲಗೆ ಕೇಳಿದ, “ಬಾಡಿ ಎಷ್ಟೊತ್ತಿಗೆ ಬರುತ್ತೆ ಅಮ್ಮಾ?”

“ಗಾಡಿನಾ? ಮನೋಹರನ ಗಾಡೀಲೇ ಹಿಂದೆ ಕೂತ್ಕೊಂಡ್ ಬರ್ತಾರೆ.”

ದೊಡ್ಡಮುನಿಯಪ್ಪ ಲೋಟ ಕೆಳಗಿಟ್ಟ. “ಕೂತ್ಕೊಂಡಾ?”

“ಮತ್ತೆ ನಿಂತ್ಕೊಂಡು ಬರಕ್ಕಾಗುತ್ತೇನಪ್ಪಾ?”

ಅಷ್ಟರಲ್ಲಿ ಚಲಪತಿ ಅವನ ತೋಳು ಹಿಡಿದು ಜಗಲಿಯ ಮೂಲೆಗೆ ಎಳೆದು, ಕಿವಿಯಲ್ಲಿ ಎರಡು ಮಾತು ಹೇಳಿದ. ದೊಡ್ಡಮುನಿಯಪ್ಪನ ಮುಖದಲ್ಲಿ ಮೊದಲು ಏನೂ ಆಗಲಿಲ್ಲ. ಮಾತು ಒಳಗಿಳಿಯಲು ಸಮಯ ಬೇಕಿತ್ತು. ಇಳಿದ ಮೇಲೆ ಅವನು ಚಲಪತಿಯ ಕತ್ತಿನ ಪಟ್ಟಿಗೆ ಕೈ ಹಾಕಿದ. ಅದೇ ಹೊತ್ತಿಗೆ ಸ್ಕೂಟರ್ ಸದ್ದು ಕೇಳಿಸಿತು.

ಮನೋಹರನ ಹಿಂದೆ, ತಲೆಗೆ ಬಿಳಿ ಟೋಪಿ, ಕಾಲಿಗೆ ಕ್ಯಾನ್ವಾಸ್ ಷೂ, ಬಿಸಿಲಿಗೆ ಬೆಂದ ಕೆಂಪು ಮುಖದಲ್ಲಿ ವೆಂಕಟರಾಯಪ್ಪ ಮೇಷ್ಟ್ರು ಕೂತಿದ್ದರು. ದೊಡ್ಡಮುನಿಯಪ್ಪನ ಕೈ ತಾನಾಗಿಯೇ ಸಡಿಲಾಯಿತು. ನೂರು ಕೆಜಿಯ ಆ ಮನುಷ್ಯ ಮಗುವಿನ ಹಾಗೆ ಓಡಿಹೋಗಿ ಮೇಷ್ಟ್ರ ಕಾಲು ಹಿಡಿದುಕೊಂಡು ಅತ್ತ. ಉಳಿದವರೂ ಹಿಂದೆಯೇ ಬಿದ್ದರು. ಚಲಪತಿಗೆ ಅಳುವೋ ನಗುವೋ ತಿಳಿಯಲಿಲ್ಲ. ಎದೆಯ ಮೇಲಿಂದ ಯಾರೋ ರುಬ್ಬುವ ಕಲ್ಲನ್ನು ಎತ್ತಿಟ್ಟಂತಾಯಿತು. ಆಟೋದಿಂದ ಹಾರ ಎಳೆದು ತಂದು ಮೇಷ್ಟ್ರ ಕೊರಳಿಗೆ ಹಾಕಿಯೇಬಿಟ್ಟ.

“ಏನಯ್ಯಾ ಇದು?” ಎಂದರು ಮೇಷ್ಟ್ರು.

“ಸನ್ಮಾನ ಗುರುಗಳೇ. ಈ ವಯಸ್ಸಲ್ಲಿ ಬೆಟ್ಟ ಹತ್ತಿದ್ದಕ್ಕೆ.”

ಮೇಷ್ಟ್ರು ನಂಬುವಂತಿದ್ದರು. ಆದರೆ ಹಾರ ಎಳೆಯುವಾಗ ಅದಕ್ಕೆ ಸಿಕ್ಕಿಕೊಂಡ ಫ್ಲೆಕ್ಸು ಆಟೋದಿಂದ ಕೆಳಗೆ ಬಿದ್ದು, ಅಂಗಳದ ತುಂಬ ತಾನೇ ಬಿಚ್ಚಿಕೊಂಡು, ಅವರ ಕಾಲ ಬಳಿಗೆ ಬಂದು ನಿಂತಿತು. ಮೇಷ್ಟ್ರು ಕನ್ನಡಕ ಹಾಕಿಕೊಂಡು ಬಗ್ಗಿ ಓದಿದರು. ಓದಿ ಮುಗಿಸಿ ನೆಟ್ಟಗೆ ನಿಂತರು.

“ಇದನ್ನ ಬರೆದವನು ಯಾರು?”

ನವೀನ್‌ಕುಮಾರ್ ಹತ್ತನೇ ಬಿಯಲ್ಲಿ ಎದ್ದು ನಿಲ್ಲುತ್ತಿದ್ದ ಹಾಗೆಯೇ ಕೈ ಕಟ್ಟಿ ನಿಂತ. “ನಾನು ಗುರುಗಳೇ.”

“ಶ್ರದ್ಧೆಗೆ ಋಕಾರ ಎಲ್ಲಿಂದ ಬಂತಯ್ಯಾ? ದಕಾರಕ್ಕೆ ಧಕಾರದ ಒತ್ತು ಯಾರು ಕೊಡ್ತಾರೆ, ನಿಮ್ಮಪ್ಪನಾ? ಆಮೇಲೆ ಈ ‘ಕೋರುವವರು’. ನನ್ನ ಸಾವನ್ನ ಕೋರಿದ್ದೀರಾ ನೀವೆಲ್ಲ?”

“ಏನಂತೆ ಅದ್ರಲ್ಲಿ?” ಎಂದು ಜಗಲಿಯಿಂದ ಲಕ್ಷ್ಮೀದೇವಮ್ಮ ಕೂಗಿದರು.

ಮೇಷ್ಟ್ರು ಹೆಂಡತಿಯ ಕಡೆ ನೋಡಿದರು. “ಹುಡುಗ್ರು ನನ್ನ ಹೊಗಳಿ ಬರ್ಕೊಂಡು ಬಂದವ್ರೆ ಕಣೆ. ಎಲ್ರಿಗೂ ಮುದ್ದೆಗೆ ಎಸರಿಡು.”

ಆಮೇಲೆ ವಿಚಾರಣೆ ನಡೆಯಿತು. ಚಲಪತಿ ಫೋನು ಒಪ್ಪಿಸಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದ; ಹನ್ನೊಂದು ಗಂಟೆಯ ವಿಷಯವನ್ನೂ. ಮೇಷ್ಟ್ರು ಜಗಲಿಯ ಮೇಲೆ ಕೂತು ಗುಂಪಿನ ಸಂದೇಶಗಳನ್ನು ಒಂದೊಂದಾಗಿ ಓದಿದರು. ಬುತ್ತಿಯದನ್ನು ಓದಿದರು, ಚಪ್ಪಲಿಯದನ್ನು ಓದಿದರು. ನಡುವೆ ಎರಡು ಸಲ ಕನ್ನಡಕ ತೆಗೆದು ಒರೆಸಿಕೊಂಡರು. ಈಗ ಬೀಳುತ್ತದೆ ಏಟು ಎಂದು ಚಲಪತಿ ಕಾದ. ಮೇಷ್ಟ್ರು ಅವನ ಕಿವಿ ಹಿಡಿದರು, ಆದರೆ ಹಿಂಡಲಿಲ್ಲ.

“ಇಂಥ ಮಾತು ಕೇಳಿಸ್ಕೊಳ್ಳೋಕೆ ಜನ ಸಾಯ್ಬೇಕಾಗುತ್ತೆ ಕಣೋ ಚಲಪತಿ. ಸತ್ರೂ ಕೇಳ್ಸಲ್ಲ. ನಂಗೆ ಬರೀ ಬೆಟ್ಟ ಹತ್ತಿ ಇಳಿದಿದ್ದಕ್ಕೆ ಸಿಕ್ತು.”

ಮಧ್ಯಾಹ್ನ ಅವರೆಕಾಳು ಸಾರು, ಮುದ್ದೆ. ಹತ್ತನೇ ಬಿ ಸಾಲಾಗಿ ಕೂತು ಉಂಡಿತು. ಮೇಷ್ಟ್ರು ಬದುಕಿರುವುದಕ್ಕಿಂತ ತಾನು ಇನ್ನೂ ಬದುಕಿರುವುದೇ ಹೆಚ್ಚಿನ ಆಶ್ಚರ್ಯ ಎನ್ನುವಂತೆ ಚಲಪತಿ ಎರಡು ಮುದ್ದೆ ನುಂಗಿದ. ದೊಡ್ಡಮುನಿಯಪ್ಪನೂ ಅವನ ಬೆನ್ನಿಗೆ ಗುದ್ದಿ ನಕ್ಕ. ಫ್ಲೆಕ್ಸನ್ನು ಲಕ್ಷ್ಮೀದೇವಮ್ಮ ಸೌದೆಯ ಮೇಲೆ ಹೊದಿಸಲು ಎತ್ತಿಟ್ಟುಕೊಂಡರು. ಹೊರಡುವಾಗ ಮೇಷ್ಟ್ರು ಮನೋಹರನನ್ನು ಕರೆದರು.

“ನನ್ನೂ ಆ ಗುಂಪಿಗೆ ಸೇರಿಸಪ್ಪಾ. ದಿನಾ ಬೆಳಿಗ್ಗೆ ನಾನೇ ‘ಇದ್ದೇನೆ’ ಅಂತ ಹಾಕ್ತೀನಿ. ಯಾವತ್ತು ಬರಲ್ವೋ ಅವತ್ತು ನೀವು ಹೊರಡಿ.”

ಆ ಸಂತೋಷದಲ್ಲಿ ಯಾರು ಬೇಡವೆನ್ನುತ್ತಾರೆ? ಅಲ್ಲೇ ಸೇರಿಸಿದರು. ಎರಡೂವರೆಗೆ ಗುಂಪಿನಲ್ಲಿ ಮೇಷ್ಟ್ರ ಮೊದಲ ಸಂದೇಶ ಬಂತು: ‘ಎಲ್ಲರಿಗೂ ನಮಸ್ಕಾರ. ನಾನು ಇದ್ದೇನೆ.’ ಹೃದಯಗಳು, ಹೂಗಳು, ಚಪ್ಪಾಳೆಗಳು ಸುರಿದವು. ಚಲಪತಿ ಮನೆಗೆ ಬಂದು ಮಮತಳಿಗೆ ಎಲ್ಲವನ್ನೂ ಹೇಳಿ, ಅವಳು ನಕ್ಕು ಮುಗಿಸಿದ ಮೇಲೆ ಕಾಲು ಚಾಚಿ ಮಲಗಿದ.

ಐದಕ್ಕೆ ಎದ್ದು ನೋಡಿದಾಗ ಗುಂಪಿನಲ್ಲಿ ಮೇಷ್ಟ್ರು ಪಾಠಕ್ಕೆ ನಿಂತಾಗಿತ್ತು. ‘ಹಾರ್ಧಿಕ ಅಲ್ಲ, ಹಾರ್ದಿಕ. ಸಂತೊಷ ಅಲ್ಲ, ಸಂತೋಷ. ದೀರ್ಘ ಕೊಡಲು ಕಾಸು ಕೇಳುತ್ತಾರೆಯೇ?’ ಪಿಳ್ಳಪ್ಪ ಎಂದಿನಂತೆ ‘ಫ್ರೆಂಡ್ಸ್, ಇವತ್ತು ಟೊಮ್ಯಾಟೊ ರೇಟ್ ಫುಲ್ ಡೌನ್’ ಎಂದು ಹಾಕಿದ್ದ. ಕೆಳಗೆ, ‘ಈ ವಾಕ್ಯದಲ್ಲಿ ಕನ್ನಡದ ಪದಗಳೆಷ್ಟು? ಪಿಳ್ಳಪ್ಪನೇ ಎಣಿಸಿ ಹೇಳಲಿ.’ ನವೀನ್‌ಕುಮಾರ್ ಗಂಡ ಹೆಂಡತಿಯ ಒಂದು ಜೋಕು ಹಾಕಿದ್ದ. ‘ಇದರಲ್ಲಿ ನಗು ಎಲ್ಲಿದೆ, ಅಡಿಗೆರೆ ಎಳೆದು ತೋರಿಸು.’ ಮನೋಹರ ಬೆಟ್ಟದ ಮೇಲಿನ ಫೋಟೊ ಹಾಕಿದ್ದಕ್ಕೆ, ‘ಚಿತ್ರ ಚೆನ್ನಾಗಿದೆ. ಈ ಅನುಭವದ ಬಗ್ಗೆ ಎಲ್ಲರೂ ನಾಳೆಯೊಳಗೆ ಒಂದು ಪುಟ ಬರೆಯಿರಿ.’ ಅದರ ಕೆಳಗೆ ಒಂಬತ್ತು ನಿಮಿಷದ ಧ್ವನಿ ಸಂದೇಶ.

ಐದೂಮುಕ್ಕಾಲಿಗೆ ದೊಡ್ಡಮುನಿಯಪ್ಪ ಗುಂಪು ಬಿಟ್ಟ. ಚಲಪತಿಗೆ ಬೇರೆಯಾಗಿ ಒಂದು ಸಾಲು ಬರೆದಿದ್ದ: ‘ಇಪ್ಪತ್ತೆಂಟು ವರ್ಷ ಆದ್ಮೇಲೆ ಮತ್ತೆ ಅಂಗೈ ಬೆವರ್ತಾ ಐತೆ ಕಣ್ಲಾ.’ ಆರಕ್ಕೆ ಇಬ್ಬರು ಹೋದರು. ಪಿಳ್ಳಪ್ಪ ಹೋದ. ಚಪ್ಪಲಿಯ ಹುಡುಗಿ ಹೋದಳು. ಆಮೇಲೆ ಸಂತೆ ಮುಗಿದ ಹೊತ್ತಿನ ಹಾಗೆ ಸಾಲುಸಾಲಾಗಿ ಎದ್ದು ಹೋದರು. ಎಂಟೂವರೆಗೆ ಮನೋಹರನೂ ಹೋದ. ಹೋಗುವ ಮುಂಚೆ ಚಲಪತಿಯನ್ನು ಅಡ್ಮಿನ್ ಮಾಡಿ ಹೋಗಿದ್ದ.

ಚಲಪತಿ ಅವನಿಗೆ ಫೋನು ಮಾಡಿದ. “ಏನೋ ಇದು?”

“ಬೇರೆ ಗುಂಪು ಮಾಡ್ಕೊಂಡಿದೀವಿ ಕಣೋ,” ಎಂದ ಮನೋಹರ, ಸಂಕೋಚದಿಂದ. “ನಿನ್ನ ಸೇರ್ಸೋಣ ಅಂದೆ. ಎಲ್ರೂ ಬೇಡ ಅಂದ್ಬಿಟ್ರು. ನೀನಿದ್ದ ಕಡೆ ಮೇಷ್ಟ್ರು ಬರ್ತಾರೆ, ಅವ್ರು ಕೇಳಿದ್ರೆ ಇಲ್ಲ ಅನ್ನೋ ಮುಖ ನಿಂಗಿಲ್ಲ ಅಂತ.”

ಚಲಪತಿ ಫೋನಿಟ್ಟು, ಗುಂಪು ಬಿಡುವ ಗುಂಡಿಯ ಮೇಲೆ ಹೆಬ್ಬೆರಳು ತಂದ. ತಂದದ್ದೇನೋ ತಂದ, ಒತ್ತಲು ಆಗಲಿಲ್ಲ. ಬೆಳಿಗ್ಗೆ ತಾನು ಒಂದು ಸಲ ಕೊಂದ ಮೇಷ್ಟ್ರನ್ನು ರಾತ್ರಿ ಊಟದ ಹೊತ್ತಿಗೆ ಮತ್ತೊಮ್ಮೆ ಕೊಲ್ಲುವುದೆಂದರೆ ಹೇಗೆ? ಅಷ್ಟರಲ್ಲಿ ಸಂದೇಶ ಬಂತು.

‘ಚಲಪತಿ, ನಾವಿಬ್ಬರೇ ಉಳಿದೆವು. ಒಳ್ಳೆಯದೇ ಆಯಿತು. ಹುಡುಗರು ಕಡಿಮೆ ಇದ್ದಷ್ಟೂ ಪಾಠ ಚೆನ್ನಾಗಿ ಹತ್ತುತ್ತದೆ. ನಾಳೆ ಬೆಳಿಗ್ಗೆ ಐದೂವರೆಗೆ ಬಸ್ಸಿನಲ್ಲಿ ನಿನಗೆ ಬಿಡುವಿರುತ್ತದೆ ಎಂದು ಮನೋಹರ ಹೇಳಿದ. ಲೋಪ ಸಂಧಿಯಿಂದ ಆರಂಭಿಸೋಣ.’

ಮಮತ ಪಕ್ಕದಲ್ಲಿ ಕೂತು ಇಣುಕಿ ಓದಿ, ಸೆರಗು ಬಾಯಿಗೆ ಒತ್ತಿಕೊಂಡಳು. ಚಲಪತಿ ನಿಟ್ಟುಸಿರು ಬಿಟ್ಟ. ಏನೇ ಆಗಲಿ, ಮೇಷ್ಟ್ರು ಇದ್ದಾರಲ್ಲ, ಅಷ್ಟು ಸಾಕು ಎಂದುಕೊಂಡ. ‘ಆಗಲಿ ಗುರುಗಳೇ’ ಎಂದು ಬರೆದ. ಕಳಿಸುವ ಮುಂಚೆ ಅಕ್ಷರ ಅಕ್ಷರವನ್ನೂ ಮುಟ್ಟಿ ನೋಡಿದ, ದೀರ್ಘ ನೋಡಿದ, ಮಮತಳಿಗೂ ಒಮ್ಮೆ ತೋರಿಸಿದ. ಎಲ್ಲ ಸರಿಯಿದೆ ಎಂದು ಖಾತ್ರಿಯಾದ ಮೇಲೆ ಕಳಿಸಿದ.

ಒಂದು ನಿಮಿಷಕ್ಕೆ ಉತ್ತರ ಬಂತು.

‘ಪೂರ್ಣವಿರಾಮ ಎಲ್ಲಿ?’